ಕೆಂಪು ಅರಿವೆ

ಗುರ್ ಗುರ್ ಅನ್ನುತ್ತಿದೆ, ಜಂತಿಯ ಸಂದಿಗೆ ಮತ್ತೆ ಬಂದು ಕೂತಿತೇ ಪಾರಿವಾಳ, ಇಲ್ಲ, ಪಕ್ಕದ ಮನೆಯ ಬೀಸುವ ಕಲ್ಲು, ಜೋಳ ಹಾಕಿದಾಗ ಸದ್ದು ಗಂಟಲಲ್ಲಿ ಸಿಕ್ಕ ಹಾಗೆ ಮೆತ್ತಗಾಗುತ್ತದೆ, ಕಾಳು ಮುಗಿದಾಗ ಕಲ್ಲಿಗೆ ಕಲ್ಲು ತಾಗಿ ಒಣಗುತ್ತದೆ, ಹನ್ನೊಂದು ದಿನದಿಂದ ನನ್ನ ಕಿವಿಗೆ ಎರಡೂ ಒಂದೇ ಆಗಿವೆ. ಪಾರಿವಾಳಗಳು ಅಲ್ಲಿವೆ, ಮಹಾದೇವರ ಗುಡಿಯ ಶಿಖರದ ಸಂದಿಗಳಲ್ಲಿ, ಬೆಳಗಾದರೆ ಎರೆ ಹೊಲಗಳ ಕಡೆ ಹಾರುತ್ತವೆ, ಹಾರಲಿ, ಅವು ಕಣ್ಣಿಗೆ ಬೀಳಬಾರದು ಅಂತ ಮಾಳಿಗೆ ಹತ್ತುವುದನ್ನೇ ಬಿಟ್ಟಿದ್ದೇನೆ — ಪಡಸಾಲೆಯಲ್ಲಿ ಕುರ್ಚಿ ಎಳೆದ ಸದ್ದು, ಅಮೀನರು ಕೂತರು. ಯಲಬುರ್ಗಿಯಿಂದ ಕುದುರೆಯ ಮೇಲೆ ಬಂದ ಪೊಲೀಸ್ ಅಮೀನರು, ಅವರ ಜೊತೆ ಒಬ್ಬ ಬರೆಯುವವ, ಮಸಿ ದೌತಿ, ಕಾಗದ. ಚಹಾ ನಾನೇ ಮಾಡಿದೆ, ಸಕ್ಕರೆ ಎರಡು ಸಲ ಹಾಕಿದೆನೋ ಏನೋ. ಲೋಟ ಒಯ್ಯಲು ಒಳಗೆ ಬಂದ ಯಜಮಾನರು, ಇವರು, ನನ್ನ ಮುಖ ನೋಡದೆ ಅಂದರು, ನೀ ಒಳಗ ಇರು, ಒಂದು ಮಾತೂ ಆಡಬ್ಯಾಡ, ದಾದೇಸಾಬ ಹೇಳೂದ ಹೇಳ್ತಾನ, ಹೆಬ್ಬಟ್ಟು ಒತ್ತತಾನ, ಮುಗೀತು. ಇವರು ಕೆಟ್ಟವರಲ್ಲ, ಗಿರದಾವರನ ಕೆಲಸ, ಹತ್ತಾರು ಹಳ್ಳಿಯ ಹೊಲದ ಲೆಕ್ಕ ನೋಡುವ ಮನುಷ್ಯ, ಮೇಲಿನವರ ಹುಬ್ಬು ಗಂಟಾದರೆ ಇವರಿಗೆ ರಾತ್ರಿ ಊಟ ಸೇರುವುದಿಲ್ಲ. ನಾನು ಒಳಗೆ ಇದ್ದೇನೆ. ಒಳಮನೆಯ ಬಾಗಿಲಿಗೆ ತೂಗಿದ ಬಿದಿರ ತಟ್ಟಿಯ ಹಿಂದೆ, ಮಣೆಯ ಮೇಲೆ, ತೊಡೆಯ ಮೇಲೆ ಬಿಸ್ಕೀಟಿನ ಡಬ್ಬಿ, ಅದರಲ್ಲಿ ಸೂಜಿ ದಾರ ಕತ್ತರಿ ಮತ್ತು ಅದು. ತಟ್ಟಿಯ ದಬ್ಬೆಗಳ ನಡುವಿನ ಸಂದಿಯಲ್ಲಿ ನನಗೆ ಎಲ್ಲ ಕಾಣುತ್ತದೆ, ಅಮೀನರ ಬೂಟು, ಇವರ ಕೋಟಿನ ತುದಿ, ಬಾಗಿಲ ಬಳಿ ನಿಂತ, ಬೇಟೆಗೆ ತಟ್ಟಿ ಹೊರುವ ದಾದೇಸಾಬ, ಕಂಬಕ್ಕೆ ಒರಗಿ ಕೂತ ನಮ್ಮ ಮನೆಗೆಲಸದ ಹುಲಗೆಮ್ಮ, ಅವಳ ತಲೆಗೆ ಸುತ್ತಿದ ಬಿಳಿ ಪಟ್ಟಿ, ಬಲಗಣ್ಣಿನ ಮೇಲೆ ದಪ್ಪಗೆ, ಎಡಗಣ್ಣು ನೆಲ ನೋಡುತ್ತಿದೆ. ನಾನು ಅವಳ ಆ ಒಂದು ಕಣ್ಣನ್ನು ನೋಡಬಾರದು ಅಂದುಕೊಂಡು ಪಟ್ಟಿಯನ್ನು ನೋಡುತ್ತೇನೆ.

ಬೇಟೆಯ ಆ ದೊಡ್ಡ ತಟ್ಟಿಯೂ ಹೀಗೇ ಇತ್ತು, ಇದೇ ಬಿದಿರು, ಅದರ ಉಳಿದ ದಬ್ಬೆಗಳಿಂದಲೇ ದಾದೇಸಾಬ ಈ ಬಾಗಿಲಿನ ತಟ್ಟಿ ಹೆಣೆದುಕೊಟ್ಟಿದ್ದು, ಇವರ ಮೇಲಿನ ದೊಡ್ಡ ಸಾಹೇಬರು ಹಳ್ಳಿ ತನಿಖೆಗೆ ದೌರಾ ಬರುತ್ತಾರೆ, ಮನೆಯಲ್ಲಿ ಗಂಡಸರು ಓಡಾಡುತ್ತಾರೆ, ಒಳಗೆ ಅವ್ವಾರಿಗೆ ಮರೆ ಬೇಕಲ್ರಿ ಅಂತ. ಅವನದು ಮೂರು ತಟ್ಟಿ, ಹಗ್ಗದಿಂದ ಅಂಚಿಗೆ ಅಂಚು ಕಟ್ಟಿದ್ದು, ಮಡಚಿದರೆ ತಲೆಯ ಮೇಲೆ ಹೊರುವ ಹೊರೆ, ಬಿಚ್ಚಿ ಹೊಲದಲ್ಲಿ ನಿಲ್ಲಿಸಿದರೆ ಇಬ್ಬರು ಕೂರುವ ಗೂಡು, ಹೊರಮೈಗೆ ಜೋಳದ ಕಣಿಕೆ ಸಿಕ್ಕಿಸಿ ಅದರ ಹಿಂದೆ ಬಂದೂಕಿನವರು ಕೂತರೆ ಪಾರಿವಾಳ ಮೇಯಲು ಇಳಿಯುತ್ತದೆ. ಇಳಿಯಬೇಕು. ಇಳಿಯುತ್ತಿರಲಿಲ್ಲ. ಮೊದಲಾದರೆ ಅದು ದೊಡ್ಡ ಮಾತಲ್ಲ, ಹತ್ತು ಸಲ ಹೊಡೆದರೆ ನಾಲ್ಕು ಬಿದ್ದಾವು, ಈಗ ಯುದ್ಧ ಶುರುವಾದ ಮೇಲೆ ಬಂದೂಕಿನ ತೋಟಾ ಸಿಗುವುದೇ ಇಲ್ಲ, ದೊಡ್ಡ ಸಾಹೇಬರು ತಮ್ಮ ಕೊನೆಯ ಡಬ್ಬಿ ತರುತ್ತಾರಂತೆ, ಒಂದೂ ವ್ಯರ್ಥ ಆಗಬಾರದು ಅಂತ ಪತ್ರ ಬಂದಿತ್ತು. ಇವರು ಪತ್ರ ಮಡಚಿ ಇಟ್ಟು ಹಣೆ ಉಜ್ಜಿಕೊಂಡರು, ನಾನು ಕೇಳಿದೆ, ಹಕ್ಕಿ ಯಾಕೆ ಹೆದರುತ್ತವೆ, ಯಾರಾದರೂ ತಟ್ಟಿಯನ್ನು ಮೇಲಿನಿಂದ ನೋಡಿದ್ದಾರೆಯೇ. ಅಷ್ಟೇ, ಅಲ್ಲಿಂದ ಶುರು. ಯಾರೂ ನನ್ನನ್ನು ಕೇಳಿರಲಿಲ್ಲ. ಧಾರವಾಡದ ಕಾಲೇಜಿನಲ್ಲಿ ಓದಿದವಳು, ಬೆಳಕು ಎಲ್ಲಿಂದ ಬರುತ್ತದೆ ನೆರಳು ಎಲ್ಲಿ ಬೀಳುತ್ತದೆ ಅಂತ ಪ್ರಯೋಗಶಾಲೆಯಲ್ಲಿ ಮೇಣದಬತ್ತಿ ಇಟ್ಟು ಗೆರೆ ಎಳೆದವಳು, ಈ ಊರಿಗೆ ಬಂದು ನಾಲ್ಕು ವರ್ಷ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ, ಅದಕ್ಕೇ ಇರಬೇಕು ಅಷ್ಟು ಹುರುಪು. ಹಿತ್ತಲಲ್ಲಿ ತಟ್ಟಿ ನಿಲ್ಲಿಸಿರಿ ಅಂದೆ, ಮಾಳಿಗೆ ಹತ್ತಿ ನೋಡಿದೆ, ಪಾರಿವಾಳ ನೋಡುವ ಹಾಗೆ, ಒಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿ. ಎಲ್ಲ ತಪ್ಪುಗಳೂ ಕಂಡವು, ನೋಟ್ ಪುಸ್ತಕದಲ್ಲಿ ಬರೆದಂತೆ ಕಂಡವು. ಮನೆಯ ಬಣವೆಯ ಕಣಿಕೆ ಬಿಸಿಲಿಗೆ ಬೆಳ್ಳಗಾಗಿದೆ, ಹೊಲದ ಕೂಳೆ ಕಂದು, ಆ ಹೊಲದ್ದನ್ನೇ ಕಿತ್ತು ಸಿಕ್ಕಿಸಬೇಕು. ಮೇಲಿನ ಅಂಚು ಅಳತೆಗೋಲಿನಂತೆ ನೆಟ್ಟಗಿದೆ, ಹೊಲದಲ್ಲಿ ನೆಟ್ಟಗಿರುವುದು ಏನಿದೆ, ಕಡ್ಡಿ ಒಂದು ಉದ್ದ ಒಂದು ಗಿಡ್ಡ ಮಾಡಬೇಕು. ಮೇಲೆ ತೆರೆದಿದೆ, ಒಳಗಿನ ರುಮಾಲು ಕಾಣುತ್ತದೆ, ಅರ್ಧ ಚಪ್ಪರ ಹಾಕಬೇಕು. ಎಲ್ಲಕ್ಕಿಂತ ಮುಖ್ಯ, ಹಿಂಬದಿ. ಹಿಂದೆ ಬೆಳಕಿದ್ದರೆ ಒಳಗೆ ಕೂತವನ ನೆರಳು ಸಂದಿಸಂದಿಯಲ್ಲಿ ಅಲ್ಲಾಡುತ್ತದೆ ದಾದೇಸಾಬ, ಎಲ್ಲರೂ ಮುಂದೆ ಮುಚ್ಚುತ್ತಾರೆ, ಮುಚ್ಚಬೇಕಾದ್ದು ಹಿಂದೆ, ಕರಿ ಕಂಬಳಿ ಕಟ್ಟು. ದಾದೇಸಾಬ ಕಂಬಳಿ ಕಟ್ಟಿ ಒಳಗೆ ಕೂತ, ನಾನು ಮಾಳಿಗೆಯ ಮೇಲಿನಿಂದ ಹುಡುಕಿದೆ, ಕೆಳಗೆ ಕೂಳೆಯ ಗುಡ್ಡೆ ಮಾತ್ರ ಇತ್ತು, ಮನುಷ್ಯ ಇರಲಿಲ್ಲ. ಆಗ ನನಗಾದ ಸಂತೋಷ — ಅದನ್ನು ಈಗ ಹೇಗೆ ಹೊರಹಾಕುವುದು, ಎಲ್ಲಿ ಬಿಸಾಡುವುದು. ಕೆಳಗಿನಿಂದ ಅವನ ದನಿ ಮಾತ್ರ ಬಂತು, ಅವ್ವಾರ, ಮುಂದಿನ ಜನ್ಮದಾಗ ನೀವು ಹಕ್ಕಿ ಆಗಿ ಹುಟ್ಟಬ್ಯಾಡ್ರಿ, ನಮ್ಮಂಥೋರ ಹೊಟ್ಟಿ ಮ್ಯಾಲ ಬರತೈತಿ. ಅಂಗಳ ಗುಡಿಸುತ್ತಿದ್ದ ಹುಲಗೆಮ್ಮ ಕಸಬರಿಗೆ ಹಿಡಿದೇ ಬಂದು ತಟ್ಟಿಯ ಸುತ್ತ ಒಂದು ಸುತ್ತು ಹಾಕಿ, ದಾದೇಸಾಬಣ್ಣ, ಇನ್ನ ಹಸನಬೀ ಅಕ್ಕಾಗೂ ನೀ ಸಿಗಂಗಿಲ್ಲ ಬಿಡು, ಪಾಪ, ಆಕಿಗರ ಒಂದೀಟು ಆರಾಮ ಆಗ್ಲಿ ಅಂದಳು, ಅವನು ಒಳಗಿನಿಂದಲೇ, ನಿನ್ನ ಬಾಯಿಗೆ ಒಂದು ತಟ್ಟಿ ಕಟ್ಟಬೇಕು ತಂಗಿ ಅಂದ, ನಾವು ಮೂವರೂ ನಕ್ಕೆವು, ಮಾಳಿಗೆಯ ಮೇಲೆ ಒಬ್ಬಳು, ಅಂಗಳದಲ್ಲಿ ಒಬ್ಬಳು, ಕಾಣದೆ ಒಬ್ಬ. ಆಮೇಲೆ ಅವಳು ಕಸಬರಿಗೆ ಕುಟ್ಟುತ್ತ ಹೋಗುವಾಗ ಅಂದಿದ್ದು, ಎಷ್ಟ ಮುಚ್ಚಿದ್ರೂ ನಮಗ ಗೊತ್ತಾಗತೈತಿ ಬಿಡ್ರಿ, ಮ್ಯಾಲ ಕೆಂಪು ಅರಿವಿ ಇರತೈತಲ್ಲ. ಅಂದಳೇ. ಅಂದಳು. ನಾನು ಕೇಳಿದೆನೇ. ಕಿವಿಗೆ ಬಿತ್ತು, ಅದು ಬೇರೆ, ಕೇಳುವುದು ಬೇರೆ ಅಂತ ಹನ್ನೊಂದು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ, ಪದಗಳನ್ನು ಜೋಪಾನ ಮಾಡುವವಳು ನಾನು, ಈ ಎರಡು ಪದಗಳ ನಡುವೆ ಎಷ್ಟು ಜಾಗ ಇದೆ ಅಂತ ನನಗೆ ಗೊತ್ತಿದೆ, ಒಬ್ಬಳು ಹೆಂಗಸು ಬಗ್ಗಿ ನಡೆದು ಬರುವಷ್ಟು.

ಅಂಗೈ ಅಗಲದ ಅರಿವೆ. ದಾದೇಸಾಬ ಅದನ್ನು ಒಂದು ಕೋಲಿಗೆ ಕಟ್ಟಿ ತಟ್ಟಿಯ ನೆತ್ತಿಗೆ ಸಿಕ್ಕಿಸುತ್ತಿದ್ದ, ಸಿಕ್ಕಿಸುವ ಮೊದಲು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ, ಹಾಗೆ ಒತ್ತಿಕೊಂಡದ್ದನ್ನು ನೋಡಿಯೇ ನನಗೆ ಅನಿಸಿದ್ದು, ಯಾವುದೋ ದರ್ಗಾದ ಚಾದರದ ತುಂಡು, ಹರಕೆಯದು, ಬೇಟೆ ಸಿಗಲಿ ಅಂತ. ಮೊದಲ ದಿನ ಅರಿವೆ ಇತ್ತು. ದೊಡ್ಡ ಸಾಹೇಬರು ಬಂದ ಸಂಜೆ, ಗೌಡರ ಹೊಲದಲ್ಲಿ, ಎಲ್ಲ ಹೊಸದಾಗಿ ಮಾಡಿದ ತಟ್ಟಿ, ಕಂಬಳಿ, ಕೂಳೆ, ಚಪ್ಪರ, ಆದರೂ ಹಕ್ಕಿ ಇಳಿಯುವಂತೆ ಇಳಿದು ತಲೆಯ ಮೇಲೆ ಒಡೆದು ಚೆದುರಿದವು, ನಾನು ಮಾಳಿಗೆಯ ಮೇಲಿಂದ ನೋಡುತ್ತಿದ್ದೆ, ಊರ ಅಂಚಿನ ಮನೆ, ಹೊಲ ಅಷ್ಟು ದೂರವಿಲ್ಲ, ಅಲ್ಲಿಂದ ನನಗೂ ಒಂದೇ ಒಂದು ಕಂಡಿತು, ಕಂದು ಹೊಲದ ನಡುವೆ ಕೆಂಪು ಚುಕ್ಕೆ. ದೊಡ್ಡ ಸಾಹೇಬರು ಬರಿಗೈಲಿ ಬಂದು ಕುರ್ಚಿಯಲ್ಲಿ ಕೂತು ಬೂಟು ಬಿಚ್ಚಿಸಿಕೊಂಡರು, ನಕ್ಕೇ ಅಂದರು, ಗಿರದಾವರ ಸಾಹೇಬ, ನಿಮ್ಮ ಹಕ್ಕಿಗಳು ನಮಗಿಂತ ಹುಷಾರು. ಇವರೂ ನಕ್ಕರು, ಆ ನಗು ನನಗೆ ಕೇಳಲಾಗಲಿಲ್ಲ. ಹಿತ್ತಲಲ್ಲಿ ತಟ್ಟಿ ಇಳಿಸಿ ಕೂತ ದಾದೇಸಾಬನ ಹತ್ತಿರ ಹೋಗಿ ಅಂದೆ, ಇದನ್ನು ತೆಗಿ. ಅವನು ಎದ್ದು ನಿಂತ. ಇದು ಇರಬೇಕ್ರಿ ಅವ್ವಾರ. ಯಾಕೆ. ಇದು ಅಪ್ಪನ ಕಾಲದಿಂದ ಐತ್ರಿ, ಅವ ಕಟ್ಟತಿದ್ದ, ನಾ ಕಟ್ಟತೀನಿ, ಯಾಕಂದ್ರ — ನಾನು ನಡುವೆ ಬಾಯಿ ಹಾಕಿದೆ. ಪಾರಿವಾಳಕ್ಕೆ ಬಣ್ಣ ಕಾಣುತ್ತದೆ ದಾದೇಸಾಬ, ದನಕ್ಕೆ ಕಾಣದಿರಬಹುದು, ಹಕ್ಕಿಗೆ ಕಾಣುತ್ತದೆ, ಪುಸ್ತಕದಲ್ಲಿ ಓದಿದ್ದೇನೆ, ಇಷ್ಟೆಲ್ಲ ಮುಚ್ಚಿ ನೆತ್ತಿಯ ಮೇಲೆ ದೀಪ ಇಟ್ಟಂಗಾಯಿತು, ನಿನ್ನ ನಂಬಿಕೆ ನಿನಗೆ ಇರಲಿ, ಅರಿವೆ ಎದೆಯ ಹತ್ತಿರ ಇಟ್ಟುಕೋ, ಅದೂ ಅಷ್ಟೇ ಅಲ್ಲವೇ. ಅವನ ಬಾಯಿ ತೆರೆದಿತ್ತು, ಯಾಕಂದ್ರ ಅನ್ನುವುದರ ಮುಂದಿನದು ನಾಲಿಗೆಯ ಮೇಲೇ ಇತ್ತು, ನಾನು ಕಂಡೆ, ಓದಿದ ಅವ್ವಾರ ಮುಂದೆ ತನ್ನದೇನು ಅಂದುಕೊಂಡು ಅವನು ನಿಧಾನಕ್ಕೆ ಬಾಯಿ ಮುಚ್ಚಿಕೊಂಡದ್ದನ್ನೂ ಕಂಡೆ, ಅದು ಒಪ್ಪಿಗೆ ಅಂತ ತಿಳಿದೆ. ಅವನು ತೆಗೆಯಲಿಲ್ಲ. ನಾನೇ ತೆಗೆಸಿದೆ — ತೆಗೆಸಿದೆ ಅಲ್ಲ, ತೆಗೆದೆ. ಗಂಟು ಬಿಗಿಯಾಗಿತ್ತು, ಎರಡು ಸುತ್ತು ಹಾಕಿ ಎಳೆದ ಗಂಟು, ಉಗುರಿಗೆ ಬಿಡಲಿಲ್ಲ, ಇದೇ ಡಬ್ಬಿಯ ಕತ್ತರಿ ತಂದು ಕಚ್ಚಕ್ ಅಂತ ಕತ್ತರಿಸಿದೆ, ದಾರದ ಚೂರು ತುಂಡಾಗಿ ಬಿತ್ತು, ಅರಿವೆ ನನ್ನ ಅಂಗೈಗೆ ಬಂತು, ಇನ್ನೊಬ್ಬರ ಹರಕೆ ಕಸಕ್ಕೆ ಹಾಕಬಾರದು ಅಂತ ಗೌರವದಿಂದ ಡಬ್ಬಿಯಲ್ಲಿಟ್ಟೆ. ಗೌರವದಿಂದ. ಆಮೇಲೆ ಇನ್ನೊಂದು ಹೇಳಿದೆ, ಇವರ ಮೂಲಕ ಹೇಳಿಸಿದೆ, ಒಳಗೆ ಇಬ್ಬರು ಬೇಡ, ಇಬ್ಬರಿದ್ದರೆ ಅಲ್ಲಾಟ ಹೆಚ್ಚು, ಸಾಹೇಬರು ಒಬ್ಬರೇ ಕೂರಲಿ, ದಾದೇಸಾಬ ಗುಡಿಯ ಕಡೆ ಹೋಗಿ ತಗಡು ಬಡಿದು ಹಕ್ಕಿ ಎಬ್ಬಿಸಲಿ. ಒಂದೊಂದೂ ಸರಿಯಾಗಿತ್ತು. ಒಂದೊಂದನ್ನೇ ಬಿಡಿಸಿ ನೋಡಿದರೆ ಇವತ್ತಿಗೂ ಸರಿ.

ಏನ್ ನಡೀತು ಹೇಳು, ಅಮೀನರು ಕೇಳುತ್ತಿದ್ದಾರೆ, ದನಿ ಗಡುಸಲ್ಲ, ಚಹಾ ಕುಡಿದ ದನಿ, ಮೊದಲಿಂದ ಹೇಳು. ಏನ್ ಹೇಳ್ಲಿರಿ ಹುಜೂರ್, ದಾದೇಸಾಬ ಕೆಮ್ಮಿದ, ಎರಡನೇ ದಿನ ಛಲೋ ಆತ್ರಿ. ಹೌದು, ಎರಡನೇ ದಿನ ಛಲೋ ಆಯಿತು. ಬೆಳಿಗ್ಗೆ ತಟ್ಟಿ ಹೊಲದಲ್ಲಿ ಕರಗಿಹೋಗಿತ್ತು, ಎಲ್ಲಿದೆ ಅಂತ ಗೊತ್ತಿದ್ದ ನನಗೇ ಮಾಳಿಗೆಯಿಂದ ಸಿಗಲಿಲ್ಲ, ಹಕ್ಕಿಗಳು ಗುಡಿಯಿಂದ ಎದ್ದು ಬಂದವು, ಬೂದು ಮೋಡದಂತೆ ತಿರುಗಿದವು, ಸ್ವಲ್ಪವೂ ಅನುಮಾನವಿಲ್ಲದೆ ಇಳಿದವು, ಆಮೇಲೆ ಸದ್ದು, ಆಮೇಲೆ ಇನ್ನೊಂದು. ನಾನು ಮಾಂಸ ಮುಟ್ಟುವವಳಲ್ಲ, ನಮ್ಮ ಮನೆಯ ಪಾತ್ರೆಯಲ್ಲಿ ಅದು ಬೇಯಲಿಲ್ಲ, ದಾದೇಸಾಬನ ಹೆಂಡತಿ ಹಸನಬೀ ತನ್ನ ಮನೆಯಲ್ಲಿ ಮಸಾಲೆ ಅರೆದು ಮಾಡಿ ಕಳಿಸಿದಳು, ವಾಸನೆ ಪಡಸಾಲೆಯಲ್ಲೇ ನಿಂತಿತು, ಒಳಗೆ ಬರಲಿಲ್ಲ, ಕೈ ತೊಳೆದವಳಂತೆ ಕೂತಿದ್ದೆ. ಊಟ ಮುಗಿಸಿದ ದೊಡ್ಡ ಸಾಹೇಬರು ವಾಹ್ ಅಂದರು, ಇದು ಯಾರ ಅಕಲು, ಯಾರ ತಲೆ ಅಂದರು, ಇವರು ಒಳಗೆ ಕೈ ತೋರಿಸಿ ನಮ್ಮ ಮನೆಯವರದು ಅಂದಾಗ ತಟ್ಟಿಯ ಹಿಂದೆ ನನ್ನ ಕಿವಿ ಬಿಸಿಯಾಯಿತು. ಆಗಲೇ ಇವರು ಕಾಗದ ಮುಂದಿಟ್ಟರು, ನನ್ನ ಅರ್ಜಿ, ಈ ಊರಲ್ಲಿ ಹೆಣ್ಣುಮಕ್ಕಳಿಗೆ ಒಂದು ಕನ್ನಡ ಸಾಲೆ, ನಮ್ಮ ಪಡಸಾಲೆಯಲ್ಲೇ, ಸರಕಾರದ ಅಪ್ಪಣೆ ಇಲ್ಲದೆ ನಡೆಸುವಂತಿಲ್ಲ, ಎರಡು ವರ್ಷದಿಂದ ಅಲೆಯುತ್ತಿದ್ದ ಅರ್ಜಿ. ಸಾಹೇಬರು ಓದಲೂ ಇಲ್ಲ, ಬೆರಳು ಒರೆಸಿಕೊಂಡು ರುಜು ಹಾಕಿದರು. ಕಾಗದದ ಮೂಲೆಗೆ ಹಳದಿ ಎಣ್ಣೆಯ ಕಲೆ. ಅದೂ ಈ ಡಬ್ಬಿಯಲ್ಲೇ ಇದೆ, ಅರಿವೆಯ ಕೆಳಗೆ, ನಾಲ್ಕಾಗಿ ಮಡಚಿ. ಅವತ್ತು ಎಲ್ಲರಿಗಿಂತ ಮೊದಲು ಹುಲಗೆಮ್ಮನಿಗೆ ಹೇಳಿದೆ, ಅವಳೇ ನನ್ನ ಮೊದಲ ವಿದ್ಯಾರ್ಥಿ, ಒಲೆಯ ಬೂದಿ ತೆಗೆಯುವಾಗ ಅದನ್ನು ನೆಲದ ಮೇಲೆ ಹರಡಿ ಹು ಬರೆಯುವುದು ಕಲಿತಿದ್ದಳು, ಎಲ್ಲಾ ಕಡೆ ಹೆಬ್ಬಟ್ಟ ಒತ್ತಿ ಒತ್ತಿ ಸಾಕಾಗೇತ್ರಿ ಅವ್ವಾರ, ನನ್ನ ಹೆಸರು ನಾನ ಬರೀಬೇಕು, ಹು ಆತು, ಇನ್ನ ಲ ಗೆ ಮ್ಮ ಉಳೀತು, ಅಷ್ಟೊತ್ತಿಗೆ ಕಣ್ಣು ಮಂಜಾಗದಿದ್ರ ಸಾಕು ಅಂತ ನಗುತ್ತಿದ್ದಳು. ಕಣ್ಣು ಅಂದಳು. ಬೇರೆ ಏನಾದರೂ ಅನ್ನಬಾರದಿತ್ತೇ.

ಮೂರನೇ ದಿನ, ಹೊರಗೆ ದಾದೇಸಾಬ ಹೇಳುತ್ತಿದ್ದಾನೆ, ಮೂರನೇ ದಿನ ಗೌಡರು ಹೊಲ ಬಿಟ್ಟಿದ್ರು ಹುಜೂರ್, ಹಕ್ಕಲಕ್ಕ. ಅಮೀನರು ಬರೆಯುವವನ ಕಡೆ ತಿರುಗಿ ವಿವರಿಸಿದರು, ಅವನು ಹೊರಗಿನವನಿರಬೇಕು, ರಾಶಿ ಮನೆಗೆ ಹೋದ ಮೇಲೆ ಹೊಲದಲ್ಲಿ ಉದುರಿದ ತೆನೆ ಬಡವರು ಆಯ್ದುಕೊಳ್ಳುತ್ತಾರೆ, ಅದಕ್ಕೆ ಗೌಡ ದಿನ ಹೇಳುತ್ತಾನೆ, ಅದಕ್ಕೂ ಮುಂಚೆ ಯಾರೂ ಕಾಲಿಡುವುದಿಲ್ಲ. ಅದು ನನಗೆ ಗೊತ್ತಿತ್ತು. ಅವತ್ತೇ ಅನ್ನುವುದೂ ಗೊತ್ತಿತ್ತು. ಬೆಳಿಗ್ಗೆ ಹುಲಗೆಮ್ಮ ಅಂಗಳವನ್ನು ಅರ್ಧ ಗುಡಿಸಿ ಅರ್ಧ ಬಿಟ್ಟು, ಅವ್ವಾರ, ಇವತ್ತ ಗೌಡರ ಹೊಲ ಬಿಟ್ಟಾರ್ರಿ, ಲಗೂನ ಹೋಗತೀನಿ, ಈ ವರ್ಷ ಸರಕಾರದೋರು ಕಾಳು ಒಯ್ದಾರ, ಹಕ್ಕಲಕ್ಕ ಊರಿಗೆ ಊರ ಬರತೈತಿ, ತಡ ಆದ್ರ ಬರೇ ಮಣ್ಣು ಸಿಗತೈತಿ ಅಂದಳು, ನಾನು ಒಲೆಯ ಮುಂದೆ ಇದ್ದೆ, ದೊಡ್ಡ ಸಾಹೇಬರ ನಾಷ್ಟಾಕ್ಕೆ ರವೆ ಹುರಿಯುತ್ತಿದ್ದೆ, ರವೆ ಕೆಂಪಾಗಬಾರದು ಅಂತ ಕಣ್ಣು ಬಾಣಲೆಯಲ್ಲಿತ್ತು, ಹೋಗು ಅಂದೆ. ಹೋಗು. ಎರಡಕ್ಷರ. ಗೌಡರ ಹೊಲ, ತಟ್ಟಿ ಇರುವ ಹೊಲ, ಡಬ್ಬಿಯಲ್ಲಿರುವ ಅರಿವೆ, ಒಬ್ಬರೇ ಕೂತ ಸಾಹೇಬರು, ಗುಡಿಯ ಹತ್ತಿರ ತಗಡು ಬಡಿಯುವ ದಾದೇಸಾಬ, ಎಲ್ಲ ನನ್ನ ಕೈಯಲ್ಲೇ ಇದ್ದವು, ಇಡೀ ಊರಲ್ಲಿ ಎಲ್ಲವೂ ಒಟ್ಟಿಗೆ ಗೊತ್ತಿದ್ದವಳು ನಾನೊಬ್ಬಳೇ, ಹೋಗು ಅಂದೆ. ತಗಡಿನ ಸದ್ದು ಕೇಳಿತು, ಹಕ್ಕಿ ಎದ್ದವು, ಮೊದಲನೇ ಹೊಡೆತ, ನಾನು ಒಳ್ಳೆಯದಾಯಿತು ಅಂದುಕೊಂಡೆ, ನೀರು ಸುರಿದೆ, ರವೆ ಸುಂಯ್ ಅಂತು. ಹಕ್ಕಿ ತಗ್ಗಾಗಿ ಬಂದವಂತೆ, ಸಾಹೇಬರು ಅವುಗಳ ಜೊತೆ ಬಂದೂಕು ತಿರುಗಿಸಿದರಂತೆ, ಆ ಕಡೆ ಒಡ್ಡಿನ ಮರೆಯಿಂದ ಹುಲಗೆಮ್ಮ ಬಗ್ಗಿಕೊಂಡು ಮೇಲೆ ಬಂದಳಂತೆ, ಉಡಿಯಲ್ಲಿ ನಾಲ್ಕು ತೆನೆ. ಎರಡನೇ ಹೊಡೆತ, ಆಮೇಲೆ ಕೂಗು, ಹಕ್ಕಿಯ ಕೂಗಲ್ಲ. ದಾದೇಸಾಬನೇ ಹೊತ್ತು ತಂದ, ಈ ಪಡಸಾಲೆಯಲ್ಲೇ ಮಲಗಿಸಿದ, ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು, ನಾನು ಕೂತು ಸೆರಗು ಸರಿಸಹೋದಾಗ ನನ್ನ ಕೈ ಹಿಡಿದುಕೊಂಡಳು, ಯಾರು, ಅವ್ವಾರಾ, ಅವ್ವಾರ ನಾ ನೋಡಿದ್ನಿರಿ, ಒಡ್ಡಿನ ಮ್ಯಾಲ ನಿಂತು ನೋಡೇ ಇಳಿದ್ನಿರಿ, ಕೆಂಪು ಕಾಣಲಿಲ್ರಿ. ತಪ್ಪು ತನ್ನದಲ್ಲ ಅಂತ ನನಗೆ ಸಮಜಾಯಿಷಿ ಕೊಡುತ್ತಿದ್ದಳು. ಕೆಂಪು ಕಾಣಲಿಲ್ರಿ, ಅದಕ್ಕ ಬಂದ್ನಿರಿ. ಆಗ ಗೊತ್ತಾಯಿತು ಯಾಕಂದ್ರ ಅನ್ನುವುದರ ಮುಂದಿನ ಮಾತು. ಅದು ಹರಕೆಯಲ್ಲ, ದಾದೇಸಾಬನ ಅಪ್ಪ ಸುತ್ತುತ್ತಿದ್ದ ರುಮಾಲಿನ ತುಂಡಂತೆ, ಅದಕ್ಕೇ ಕಣ್ಣಿಗೆ ಒತ್ತಿಕೊಳ್ಳುವುದು, ಅದು ಎಲ್ಲಿ ಕಂಡರೂ ಆ ಕಡೆ ದನ ಬಿಡುವುದಿಲ್ಲ, ಹಕ್ಕಲದವರು ಮುಂದೆ ಹಾಯುವುದಿಲ್ಲ, ಸುತ್ತಿನ ಊರಿಗೆಲ್ಲ ಗೊತ್ತಿದ್ದ ಮಾತು, ಓದಿದ ನನ್ನೊಬ್ಬಳನ್ನು ಬಿಟ್ಟು. ದೊಡ್ಡ ಸಾಹೇಬರು ನಾಷ್ಟಾ ಮಾಡಲಿಲ್ಲ, ಇಂತಜಾಮ್ ಮಾಡಿರಿ, ಎಲ್ಲ ನೋಡಿಕೊಳ್ಳಿರಿ ಅಂತ ಇವರಿಗೆ ಹೇಳಿ ಬಿಸಿಲೇರುವ ಮೊದಲೇ ಮೋಟಾರು ಹತ್ತಿ ಕುಷ್ಟಗಿಯ ಕಡೆ ಹೋದರು, ಹುಲಗೆಮ್ಮ ಚಕ್ಕಡಿಯಲ್ಲಿ ದವಾಖಾನೆಗೆ ಹೋದಳು, ಡಾಕ್ಟರು ಮೂರು ಸಣ್ಣ ಗುಂಡು ತೆಗೆದರಂತೆ, ಒಂದು ತೆಗೆಯಲಾಗಲಿಲ್ಲವಂತೆ, ಕಣ್ಣೂ ಉಳಿಯಲಿಲ್ಲ. ಬಾಣಲೆಯಲ್ಲಿ ಉಪ್ಪಿಟ್ಟು ಸಂಜೆಯವರೆಗೆ ಇತ್ತು.

ಅರಿವಿ ಯಾಕ ಕಟ್ಟಲಿಲ್ಲ. ಅಮೀನರ ಪ್ರಶ್ನೆ ಬಂತು, ಬರಲೇಬೇಕಿತ್ತು, ನನ್ನ ಕೈ ಡಬ್ಬಿಯ ಮುಚ್ಚಳದ ಮೇಲಿದೆ, ಮುಚ್ಚಳ ತೆಗೆದದ್ದು ಯಾವಾಗ, ಅರಿವೆ ಬೆರಳಿಗೆ ಸುತ್ತಿಕೊಂಡದ್ದು ಯಾವಾಗ. ಮೂವತ್ತು ವರ್ಷದಿಂದ ತಟ್ಟಿ ಹೊರೋ ಮನಷ್ಯಾ ಅದೀ, ಒಂದು ದಿನ ಬಿಟ್ಟಾಂವಲ್ಲ ಅಂತ ಊರಾಗ ಹೇಳ್ತಾರ, ಅವತ್ತ ಯಾಕ ಕಟ್ಟಲಿಲ್ಲ. ದಾದೇಸಾಬ ಈಗ ಹೇಳುತ್ತಾನೆ, ಹೇಳಲಿ, ದೇವರೇ ಅವನೇ ಹೇಳಿಬಿಡಲಿ, ಅವ್ವಾರು ತೆಗೆದರು ಅನ್ನಲಿ, ನನಗೆ ಎದ್ದು ನಿಲ್ಲುವ ಕೆಲಸ ಉಳಿಯಲಿ — ಮರೆತ್ನಿರಿ ಹುಜೂರ್, ಅಂದ. ಮರೆತಿ. ಹೌದ್ರಿ, ಅವಸರದಾಗ ಮರೆತ್ನಿ. ಆ ಅರಿವಿ ಈಗ ಎಲ್ಲೈತಿ. ಗಾಳಿಗೆ ಹೋಗಿರಬೇಕ್ರಿ. ಇವರು ಕೆಮ್ಮಿದರು, ಕೋಟಿನ ತುದಿ ಸರಿಮಾಡಿಕೊಂಡರು. ಇವರಿಗೆ ಗೊತ್ತು. ಆ ರಾತ್ರಿಯೇ ನಾನು ಎಲ್ಲ ಹೇಳಿದ್ದೆ, ಇವರು ಮನಿ ಹೆಣ್ಮಗಳ ಹೆಸರು ಪಂಚನಾಮೆದಾಗ ಬರಬಾರದು ಅಂದರು, ಅಷ್ಟೇ ಅಂದರು, ದಾದೇಸಾಬನಿಗೆ ಯಾರೂ ಏನೂ ಹೇಳಿಕೊಡಲಿಲ್ಲ, ಅವನಿಗೂ ಅದೇ ಅನಿಸಿದೆ, ಹೆಣ್ಣುಮಗಳ ಹೆಸರು ಎತ್ತಬಾರದು, ಎಷ್ಟು ಸುಲಭವಾಗಿ ಎಲ್ಲ ಗಂಡಸರೂ ಸೇರಿ ನನ್ನನ್ನು ಮುಚ್ಚಿಬಿಟ್ಟರು, ಕಡ್ಡಿ ಒಂದು ಉದ್ದ ಒಂದು ಗಿಡ್ಡ ಮಾಡಿ. ಬರೆಯುವವನ ಲೇಖಣಿ ಕರಕರ ಅನ್ನುತ್ತದೆ. ಅಮೀನರು ಸರಕಾರಿ ಭಾಷೆಯಲ್ಲಿ ಬರೆದದ್ದನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದಾರೆ, ನೋಡು, ಗುರ್ತಿನ ಅರಿವಿ ಕಟ್ಟದ ಗಫಲತ್ತು, ಅಲಕ್ಷ್ಯ, ನಿಂದು ಅಂತ ಬರದೇವಿ, ಹೆಬ್ಬಟ್ಟ ಒತ್ತು, ಇವತ್ತ ನನ್ನ ಸಂಗಾಟ ಯಲಬುರ್ಗಿಗೆ ಬರಬೇಕಾಗತೈತಿ, ಜೇಲು ಆಗತೈತಿ, ಎಷ್ಟು ದಿನ ಅನ್ನೋದು ನನ್ನ ಕೈಯಾಗಿಲ್ಲ. ಹೂಂನ್ರಿ ಅಂದ ದಾದೇಸಾಬ, ಆಮೇಲೆ ಹುಲಗೆಮ್ಮನ ಕಡೆ ತಿರುಗಿ, ತಂಗಿ, ಹಸನಬೀಗೆ ಒಂದು ಮಾತು ಹೇಳು, ಕಂಬಳಿ ಹೊಲದಾಗ ಉಳದೈತಿ, ತರಿಸ್ಕೊಳ್ಳಾಕ ಹೇಳು. ಕಂಬಳಿ. ನಾನು ಕಟ್ಟಿಸಿದ ಕಂಬಳಿ. ಹುಲಗೆಮ್ಮ ತಲೆ ಎತ್ತಿದಳು. ಅಣ್ಣಾ, ನೀ ಮರಿಯಾಂವಲ್ಲ ಅಂದಳು. ಅಷ್ಟೇ, ನಿಧಾನಕ್ಕೆ, ಅವನಿಗಲ್ಲ, ಎದುರಿಗೆ, ತಟ್ಟಿಗೆ, ಅವಳ ಎಡಗಣ್ಣು ತಟ್ಟಿಯ ಮೇಲೆ ನಿಂತಿದೆ, ಅಲ್ಲಾಡುತ್ತಿಲ್ಲ. ಒಳಗಿರುವುದು ಅವಳಿಗೆ ಹೇಗೆ ಕಂಡೀತು, ದಬ್ಬೆ ಒತ್ತಾಗಿದೆ, ನಾನು ಕತ್ತಲೆಯಲ್ಲಿದ್ದೇನೆ — ಇಲ್ಲ. ಕತ್ತಲೆಯಲ್ಲಿಲ್ಲ. ಬೆನ್ನು ಬೆಚ್ಚಗಿದೆ. ಆಗಿನಿಂದ ಬೆನ್ನು ಬೆಚ್ಚಗೇ ಇದೆ. ಹಿತ್ತಲ ಬಾಗಿಲು ತೆರೆದಿದೆ, ಚಹಾದ ಒಲೆಯ ಹೊಗೆ ಹೋಗಲಿ ಅಂತ ನಾನೇ ತೆರೆದದ್ದು, ಮೂಡಣ ದಿಕ್ಕಿನ ಬಾಗಿಲು, ಏರುವ ಬಿಸಿಲು ನೆಲದುದ್ದ ಬಂದು ನನ್ನ ಬೆನ್ನಿಗೆ ಬಡಿದು ತಟ್ಟಿಯ ಮೇಲೆ ಬಿದ್ದಿದೆ, ಹಿಂದೆ ಬೆಳಕಿದ್ದರೆ ಒಳಗೆ ಕೂತವನ ನೆರಳು ಸಂದಿಸಂದಿಯಲ್ಲಿ ಅಲ್ಲಾಡುತ್ತದೆ ದಾದೇಸಾಬ, ಮುಚ್ಚಬೇಕಾದ್ದು ಹಿಂದೆ. ಅವರಿಗೆ ಕಾಣುತ್ತಿದೆ. ಮೊದಲಿಂದ ಕಾಣುತ್ತಿದೆ, ಮಣೆಯ ಮೇಲೆ ಕೂತ ಹೆಂಗಸು, ತೊಡೆಯ ಮೇಲೆ ಡಬ್ಬಿ, ಕೈಯಲ್ಲಿ ಏನೋ ಸುತ್ತುತ್ತ ಬಿಚ್ಚುತ್ತ, ಇವರಿಗೆ, ಅಮೀನರಿಗೆ, ಬರೆಯುವವನಿಗೆ, ಎಲ್ಲರೂ ಕಂಡೂ ಕಾಣದಂತೆ ಬರೆಯುತ್ತಿದ್ದಾರೆ, ದಾದೇಸಾಬ ನನ್ನ ನೆರಳಿನ ಎದುರಿಗೆ ನಿಂತು ಮರೆತ್ನಿರಿ ಅಂದ. ಬಾಗಿಲು ಮುಚ್ಚಬಹುದು, ಎದ್ದು ನಾಲ್ಕು ಹೆಜ್ಜೆ, ಮುಚ್ಚಿದರೆ ಸಾಕು. ಮಸಿಯ ಮೆತ್ತೆ ಮುಂದೆ ತಳ್ಳಿದರು. ದಾದೇಸಾಬ ಹೆಬ್ಬೆರಳು ಒತ್ತಿ ತೆಗೆದ, ಕರಿ ಹೆಬ್ಬೆರಳು, ಕಾಗದದ ಮೇಲೆ ಇನ್ನೂ ಇಳಿದಿಲ್ಲ. ನಾನು ಎದ್ದೆ. ನಾಲ್ಕು ಹೆಜ್ಜೆ ಹಿಂದಕ್ಕಲ್ಲ, ಒಂದು ಹೆಜ್ಜೆ ಮುಂದಕ್ಕೆ, ಡಬ್ಬಿ ಉರುಳಿತು, ಸೂಜಿ ಕತ್ತರಿ ಎಣ್ಣೆಯ ಕಲೆಯ ಕಾಗದ ನೆಲಕ್ಕೆ, ಬಾಯಿಗೆ ಮಾತು ಬರುತ್ತಿಲ್ಲ, ಇಷ್ಟು ವರ್ಷ ಆರಿಸಿ ಆರಿಸಿ ಇಟ್ಟ ಮಾತು ಒಂದೂ ಇಲ್ಲ, ಕೈ ಮಾತ್ರ ಮೇಲೆ ಹೋಯಿತು, ತಟ್ಟಿಯ ನೆತ್ತಿಯ ದಬ್ಬೆಗೆ, ಎರಡು ಸುತ್ತು ಹಾಕಿ ಎಳೆದೆ, ಅವನು ಕಟ್ಟುವ ಹಾಗೆ, ತುದಿ ಆ ಕಡೆ ಬೀಳುವ ಹಾಗೆ. ಬೀಸುವ ಕಲ್ಲು ನಿಂತಿದೆ. ಲೇಖಣಿ ನಿಂತಿದೆ. ಸಂದಿಯಲ್ಲಿ ಕರಿ ಹೆಬ್ಬೆರಳು ಗಾಳಿಯಲ್ಲಿ ಹಾಗೇ ಇದೆ, ಹುಲಗೆಮ್ಮನ ಒಂದು ಕಣ್ಣು ಮೇಲೆ ಹೋಗಿದೆ, ಈಗ ಅವಳಿಗೆ ಕಾಣುತ್ತಿದೆ, ಈಗ, ಅಂಗೈ ಅಗಲ, ಕೆಂಪು.